ಕಳ್ಳರಿಗೆಂದು ಕಟ್ಟಿದ ಮೆಟ್ಟಿಲು

ದುಂಡು ಚರ್ಚಿನ ಗೋಡೆಯೊಳಗೇ ಸುತ್ತಿ ಏರುವ ಮೆಟ್ಟಿಲಿನ ಅರ್ಧದಲ್ಲಿ ಗುನ್ವೋರ್ ಸಿಕ್ಕಿಕೊಂಡಳು. ಮಕ್ಕಳನ್ನೂ ಮುದುಕರನ್ನೂ ಮುಂದೆ ಕಳಿಸಿ ಕೊನೆಗೆ ಹತ್ತಿದವಳು. ದಿನ ತುಂಬಿದ ಹೊಟ್ಟೆ ಎರಡು ಕಲ್ಲುಗಳ ನಡುವೆ ನಿಂತುಬಿಟ್ಟಿತು. ಮೇಲಿನ ಅಟ್ಟದಲ್ಲಿ ಬೋರ್ನ್‌ಹೋಮ್ ದ್ವೀಪದ ಆ ಪುಟ್ಟ ಊರೆಲ್ಲ ಉಸಿರು ಬಿಗಿಹಿಡಿದು ಕೂತಿತ್ತು. ಕೆಳಗೆ ಕಡಲುಗಳ್ಳರು ಬಾಗಿಲನ್ನು ಕೊಡಲಿಯಿಂದ ಸೀಳುತ್ತಿದ್ದರು.

ಗಂಡ ಎಸ್ಕಿಲ್ ಮೇಲಿನಿಂದ ಬಗ್ಗಿ ಅವಳ ಎರಡೂ ಕೈ ಹಿಡಿದು ಎಳೆದ. ಈ ಮೆಟ್ಟಿಲು ಕಟ್ಟಿದವನೇ ಅವನು. ಅಗಲ ಸಾಲದೆಂದು ಪಾದ್ರಿ ಗೊಣಗಿದಾಗ, "ಕಳ್ಳ ಬಂದ್ರೆ ಒಬ್ಬೊಬ್ಬನೇ ಬರ್ಬೇಕು, ಅದೂ ಓರೆಯಾಗಿ," ಎಂದು ನಕ್ಕಿದ್ದ. ಈಗ ಅವಳ ಕೈ ಬಿಟ್ಟು ಸೊಂಟಕ್ಕೆ ಸಿಕ್ಕಿಸಿದ್ದ ಸುತ್ತಿಗೆ ತೆಗೆದು ಗೋಡೆಗೆ ಬಡಿದ. ಸುಣ್ಣದ ಪುಡಿ ಅವಳ ತಲೆಯ ಮೇಲೆ ಉದುರಿತೇ ಹೊರತು ಕಲ್ಲು ಅಲುಗಲಿಲ್ಲ.

"ಎಷ್ಟು ಗಟ್ಟಿ ಕಟ್ಟಿದ್ದೀಯೋ ಮಾರಾಯ," ಎಂದಳು ಗುನ್ವೋರ್ ಏದುಸಿರು ಬಿಡುತ್ತ.

"ಹೊಟ್ಟೆ ಒಳಗೆಳ್ಕೋ, ಇನ್ನೊಂದ್ಸಲ ನೋಡೋಣ."

"ನಾನು ಎಳ್ಕೋತೀನಿ, ಒಳಗಿರೋದು ಕೇಳ್ಬೇಕಲ್ಲ."

ಕೆಳಗೆ ಬಾಗಿಲು ಮುರಿದು ಬಿತ್ತು. ಗುನ್ವೋರ್ ಮೈ ಬಿಡಿಸಿಕೊಂಡು ಒಂದು ಮೆಟ್ಟಿಲು ಇಳಿದಳು.

"ಎಲ್ಲಿಗೆ ಹೋಗ್ತೀಯೇ?"

"ಎಲ್ಲಿಗೂ ಇಲ್ಲ. ನಂಗೇ ಮೇಲೆ ಬರೋಕಾಗಲ್ಲ ಅಂದ್ಮೇಲೆ, ನನ್ನ ದಾಟಿ ಅವ್ರು ಹೆಂಗೆ ಬರ್ತಾರೆ? ಆ ಸುತ್ತಿಗೆ ಕೊಡು."

ಅವನು ಕೊಡಲಿಲ್ಲ. ಅವಳೇ ಕೈ ಚಾಚಿ ಕಿತ್ತುಕೊಂಡು, ಅವನಿಗೆ ಬೆನ್ನು ಮಾಡಿ, ಕತ್ತಲ ಕಡೆ ಮುಖ ಹಾಕಿ ಕೂತಳು. ಕೆಳಗಿನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಎಸ್ಕಿಲ್ ದಡಬಡನೆ ಇಳಿದು ಅವಳ ಭುಜ ಹಿಡಿದ. ಅವಳನ್ನು ದಾಟಿ ಮುಂದೆ ಹೋಗಿ ನಿಲ್ಲಲು ಅವನಿಗೂ ಜಾಗವಿರಲಿಲ್ಲ.