ಮಾತು ಬಿಟ್ಟವರ ಕೊನೆಯ ಓವರ್

ಒಂಬತ್ತನೆಯ ವಿಕೆಟ್ ಬಿದ್ದಾಗ ಕ್ಲಬ್ಬಿನ ನಾಯಕ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ಫೈನಲ್ ಗೆಲ್ಲಲು ಒಂದು ಓವರಿನಲ್ಲಿ ಏಳು ರನ್ ಬೇಕಿತ್ತು. ಅದು ಹೇಗಾದರೂ ಆದೀತು. ಆದರೆ ಆ ತುದಿಯಲ್ಲಿ ನಿಂತಿದ್ದವನು ಬಡಗಿ, ಬ್ಯಾಟು ಬೀಸುತ್ತಾ ಬರುತ್ತಿದ್ದ ಕೊನೆಯ ಆಟಗಾರ ಬಡಗಿಯ ಹೆಂಡತಿಯ ತಮ್ಮ, ಪೋಸ್ಟ್‌ಮ್ಯಾನ್. ಈ ಭಾವ ಮೈದುನರು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಇಷ್ಟು ದಿನ ನಾಯಕ ಬ್ಯಾಟಿಂಗಿನಲ್ಲಿ ಇಬ್ಬರ ನಡುವೆ ನಾಲ್ಕು ಜನರನ್ನು ತುರುಕಿ ಹೇಗೋ ಸಂಭಾಳಿಸಿದ್ದ. ಇವತ್ತು ಆ ನಾಲ್ವರೂ ಮಾತಾಡಿಕೊಂಡವರ ಹಾಗೆ ಬಂದ ದಾರಿಯಲ್ಲೇ ವಾಪಸಾಗಿದ್ದರು.

ಎಲ್ಲಕ್ಕೂ ಕಾರಣ ಒಂದು ಬಾಗಿಲು. ಪೋಸ್ಟ್‌ಮ್ಯಾನ್ ಕಟ್ಟಿಸಿದ ಹೊಸ ಮನೆಗೆ ಬಡಗಿ ಮುತುವರ್ಜಿಯಿಂದ ಮುಂಬಾಗಿಲು ಮಾಡಿಕೊಟ್ಟಿದ್ದ. ಮೊದಲ ಮಳೆಗೇ ಅದು ಮುಚ್ಚದಾಯಿತು. “ನಮ್ಮ ಭಾವ ಮಾಡಿದ ಬಾಗಿಲು ಕಳ್ಳರಿಗೆ ಬಹಳ ಅನುಕೂಲ” ಎಂದು ಪೋಸ್ಟ್‌ಮ್ಯಾನ್ ನೆಂಟರೆಲ್ಲರ ಮುಂದೆ ನಕ್ಕುಬಿಟ್ಟ. ಬಡಗಿಗೆ ಮೈಯೆಲ್ಲ ಉರಿಯಿತು. ಇನ್ನು ತಾನಾಗಿ ಇವನ ಹತ್ತಿರ ಮೊದಲು ಬಾಯಿ ಬಿಡುವುದಿಲ್ಲ, ಬಿಟ್ಟರೆ ಬಾಗಿಲು ಕೆಟ್ಟದ್ದೆಂದು ಒಪ್ಪಿಕೊಂಡ ಹಾಗೆ ಎಂದು ಅಂದೇ ನಿರ್ಧರಿಸಿದ. ಆಮೇಲೆ “ನಿನ್ನ ತಮ್ಮನಿಗೆ ಹೇಳು”, “ನಿನ್ನ ಗಂಡನಿಗೆ ಹೇಳಕ್ಕ” ಎಂಬ ಎರಡು ಮಾತುಗಳ ನಡುವೆ ಬಡಗಿಯ ಹೆಂಡತಿ ಹೈರಾಣಾದಳು. ಈಗಲೂ ಅವಳು ಬೌಂಡರಿ ಗೆರೆಯ ಆಚೆ ಮರದ ಕೆಳಗೆ, ಯಾರ ಕಡೆ ನೋಡಬೇಕೆಂದು ಗೊತ್ತಾಗದೆ ಕೂತಿದ್ದಳು.

ಮೊದಲ ಚೆಂಡನ್ನು ಪೋಸ್ಟ್‌ಮ್ಯಾನ್ ಪಕ್ಕಕ್ಕೆ ತಳ್ಳಿದ. ಕಣ್ಣು ಮುಚ್ಚಿಕೊಂಡು ಓಡಬಹುದಾದ ರನ್ನು. ಅವನು ಬನ್ನಿ ಅನ್ನಲಿಲ್ಲ, ಇವನು ಬರಲೇ ಅನ್ನಲಿಲ್ಲ. ಎರಡನೆಯದಕ್ಕೂ ಅದೇ ಕಥೆ. ನಾಯಕ ಬೌಂಡರಿ ಆಚೆಯಿಂದಲೇ ಇಬ್ಬರ ವಂಶವನ್ನೂ ನೆನೆದ. ಬಡಗಿ ಪಕ್ಕದಲ್ಲಿದ್ದ ಅಂಪೈರಿನ ಕಡೆ ಬಗ್ಗಿದ. ಅಂಪೈರು ಊರಿನ ಹಲ್ಲಿನ ಡಾಕ್ಟರು.

“ಡಾಕ್ಟ್ರೇ, ಆ ಕಡೆ ಇರೋನಿಗೆ ಒಂದು ಮಾತು ಹೇಳ್ತೀರಾ? ಓಡೋದಿದ್ರೆ ಕೂಗಿ ಕರೀಬೇಕಂತೆ ಅಂತ.”

“ಜನರ ಬಾಯಿ ಬಿಡಿಸಿ ಬಿಡಿಸಿ ಕ್ಲಿನಿಕ್ಕಲ್ಲೇ ಸಾಕಾಗಿದೆ ಕಣಯ್ಯ” ಎಂದರು ಡಾಕ್ಟರು. “ಇಲ್ಲಿ ನಾನು ಔಟ್ ಕೊಡೋಕೆ ಮಾತ್ರ ಬಂದಿರೋದು.”

ಮೂರನೆಯ ಚೆಂಡು ಬ್ಯಾಟಿನ ಅಂಚಿಗೆ ತಗುಲಿ ಕೀಪರಿನ ತಲೆ ಮೇಲಿಂದ ಹಾರಿ ಬೌಂಡರಿ ದಾಟಿತು. ಇನ್ನು ಮೂರು ರನ್ನು. ನಾಲ್ಕನೆಯದನ್ನೂ ಹಾಗೇ ಬೀಸಿದ ಪೋಸ್ಟ್‌ಮ್ಯಾನ್, ಚೆಂಡು ದೂರ ಹೋಯಿತೆಂದುಕೊಂಡು ತಲೆ ತಗ್ಗಿಸಿ ಓಡತೊಡಗಿದ. ಅದು ಅವನ ಬೆನ್ನ ಹಿಂದೆ ನಾಲ್ಕೇ ಮಾರು ದೂರದಲ್ಲಿ ಬಿದ್ದಿತ್ತು. ಕೀಪರು ಅದನ್ನು ಹೆಕ್ಕಲು ಬಾಗಿದ್ದು ಬಡಗಿಗೆ ಕಂಡಿತು. ಈಗ ಸುಮ್ಮನಿದ್ದರೆ ಕಪ್ ಹೋಗುತ್ತದೆ. ಬಾಯಿ ಬಿಟ್ಟರೆ ಮೂರು ವರ್ಷದ ಹಟ ಮಣ್ಣುಪಾಲು. ಅಷ್ಟೆಲ್ಲ ಯೋಚಿಸಲು ಅವನ ನಾಲಿಗೆ ಕಾಯಲಿಲ್ಲ.

“ಹಿಂದೆ ಹೋಗೋ, ಮಂಕೆ!”

ಪೋಸ್ಟ್‌ಮ್ಯಾನ್ ಗಿರಕಿ ಹೊಡೆದು ನೆಲಕ್ಕೆ ಬಿದ್ದು ಬ್ಯಾಟು ಚಾಚಿದ. ಕೂದಲೆಳೆಯಲ್ಲಿ ಉಳಿದುಕೊಂಡ. ಎದ್ದು ಧೂಳು ಕೊಡವಿಕೊಂಡವನು ಈ ಕಡೆ ನೋಡಿ, “ಏನಂದ್ರಿ ಭಾವ?” ಎಂದ.

“ಹಿಂದೆ ಹೋಗು ಅಂದೆ. ಕಿವಿ ಕೇಳಲ್ವಾ?”

“ಕೇಳ್ತು. ಇನ್ನೊಂದು ಸಲ ಕೇಳೋಣ ಅನ್ನಿಸ್ತು.”

ಬಡಗಿ ಹೆಲ್ಮೆಟ್ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದ. ಸೋತೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಎದೆ ಹಗುರಾಗಿತ್ತು.

ಐದನೆಯ ಚೆಂಡು ಬ್ಯಾಟಿಗೆ ಸಿಗಲಿಲ್ಲ. ಕೊನೆಯದನ್ನು ಪೋಸ್ಟ್‌ಮ್ಯಾನ್ ದೂರಕ್ಕೆ ಹೊಡೆದು, “ಬನ್ನಿ ಭಾವ” ಎಂದು ಊರಿಗೇ ಕೇಳುವ ಹಾಗೆ ಕೂಗಿದ. ಒಂದು ರನ್ನು ಆಯಿತು. ಎರಡನೆಯದಕ್ಕೆ ಇವನು “ಬೇಡ” ಅಂದ, ಅವನು “ಬನ್ನಿ” ಅಂದ, ಇಬ್ಬರೂ ಪಿಚ್ಚಿನ ನಟ್ಟನಡುವೆ ಎದುರುಬದುರಾಗಿ ನಿಂತುಬಿಟ್ಟರು.

“ಬೇಡ ಅಂದ್ನಲ್ಲ.”

“ಮೊದಲೇ ಹೇಳೋಕೆ ಏನಾಗಿತ್ತು?”

“ನೀನು ಯಾವತ್ತು ನನ್ನ ಮಾತು ಕೇಳಿದೀಯ? ಹೊಸ ಮರ, ಮಳೆಗೆ ಉಬ್ಬುತ್ತೆ, ಬಿಸಿಲು ಬರೋ ತನಕ ತಡಿ ಅಂತ ಹೇಳೋಕೆ ಬಂದೆ. ಅಷ್ಟರಲ್ಲಿ ನೀನು ನೆಂಟರ ಮುಂದೆ ನನ್ನ ಮಾನ ಕಳೆದೆ.”

ದೂರದಲ್ಲಿ ಚೆಂಡು ಹಿಡಿದು ನಿಂತ ಎದುರು ತಂಡದ ಹುಡುಗನಿಗೆ ಯಾವ ಕಡೆ ಎಸೆಯಬೇಕೆಂದೇ ತಿಳಿಯಲಿಲ್ಲ. ಈ ತುದಿಯಿಂದ ಕೀಪರು ಇಲ್ಲಿ ಅಂದ, ಆ ತುದಿಯಿಂದ ಬೌಲರು ಇಲ್ಲಿ ಅಂದ. ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎಸೆದ ಚೆಂಡು ಎಲ್ಲರ ತಲೆ ಮೇಲೆ ಹಾದು ಆಚೆ ಕಡೆಯ ಬೌಂಡರಿ ಸೇರಿತು. ಬೇಕಿದ್ದದ್ದು ಎರಡು, ಸಿಕ್ಕಿದ್ದು ನಾಲ್ಕು. ಮೈದಾನಕ್ಕೆ ಜನ ನುಗ್ಗಿದರು. ಕ್ಲಬ್ ಹುಟ್ಟಿದ ಮೇಲೆ ಮೊದಲ ಕಪ್. ಅದು ಗೊತ್ತಾಗದವರು ಇಬ್ಬರೇ.

“ಬಿಸಿಲು ಬಂದ ಮೇಲೆ ಸರಿಹೋಯ್ತು ಭಾವ” ಎನ್ನುತ್ತಿದ್ದ ಪೋಸ್ಟ್‌ಮ್ಯಾನ್. “ಈಗ ಬೆರಳಲ್ಲಿ ತಳ್ಳಿದ್ರೆ ಮುಚ್ಚುತ್ತೆ. ಹೇಳೋಣ ಅಂತ ನಿಮ್ಮ ಅಂಗಡಿಗೆ ಬಂದ್ರೆ ಮುಖ ತಿರುಗಿಸಿದ್ರಿ.”

“ಮುಖ ತಿರುಗಿಸಿದ್ರೆ ಬೆನ್ನಿಗೆ ಹೇಳಬೇಕಿತ್ತು.”

ಹೆಗಲ ಮೇಲೆ ಹೊತ್ತಾಗಲೂ ಅವರ ವಾದ ನಿಲ್ಲಲಿಲ್ಲ. ಗ್ರೂಪ್ ಫೋಟೋಗೆ ನಿಲ್ಲಿಸಿದರೆ ಕಪ್ಪಿನ ಒಂದೊಂದು ಹಿಡಿ ಒಬ್ಬೊಬ್ಬರ ಕೈಯಲ್ಲಿ, ಕಣ್ಣು ಮಾತ್ರ ಒಬ್ಬರ ಮೇಲೊಬ್ಬರದು, ಬೆರಳು ಗಾಳಿಯಲ್ಲಿ. ಫೋಟೋದವನು ಮೂರು ಸಲ “ಇಲ್ಲಿ ನೋಡಿ” ಅಂದು ಸೋತು, ಬಡಗಿಯ ಹೆಂಡತಿಯ ಹತ್ತಿರ ಬಂದ.

“ಅಮ್ಮಾ, ಒಂದೇ ನಿಮಿಷ ಸುಮ್ಮನಿರೋಕೆ ಹೇಳಿ ಅವರಿಬ್ಬರಿಗೂ.”

ಅವಳು ಕಣ್ಣೊರೆಸಿಕೊಂಡಳು.

“ಬೇಡಪ್ಪಾ, ಹಂಗೇ ತೆಗಿ. ಸುಮ್ಮನಿದ್ದಿದ್ದನ್ನ ಮೂರು ವರ್ಷ ನೋಡಿದೀನಿ.”