ಕೆಂಪು ಕಾರಿನ ಕಛೇರಿ

ಹಾಡಿನ ನಡೆಗೆ ತಕ್ಕಂತೆ ಕಾರುಗಳು ಓಡತೊಡಗಿದ ಮೇಲೆ ಬ್ರೇಕ್ ಎಂಬ ಮಾತೇ ಜನರಿಗೆ ಮರೆತುಹೋಗಿತ್ತು. ಹಾಡು ಮುಗಿದರೆ ಗಾಡಿ ನಿಲ್ಲುತ್ತಿತ್ತು, ಅಷ್ಟೇ. ಮೈಸೂರಿನ ಸಿಟಿ ಬಸ್ಸುಗಳು ಭಜನೆಗೆ ತೂಗುತ್ತಾ ಸಾಗುತ್ತಿದ್ದವು, ಶಾಲೆಯ ವ್ಯಾನುಗಳಿಗೆ ಶಿಶುಗೀತೆಯೇ ಸಾಕಿತ್ತು. ಸ್ಪೋರ್ಟ್ಸ್ ಕಾರಿನ ರಸಿಕತೆ ಮಾತ್ರ ಬೇರೆ. ಅದಕ್ಕೆ ಶುದ್ಧ ಶಾಸ್ತ್ರೀಯವೇ ಬೇಕು, ಅದೂ ದ್ರುತದಲ್ಲಿ.

ನಾಗವೇಣಿ ತನ್ನ ಹೊಸ ಕೆಂಪು ಕಾರಿನಲ್ಲಿ ಮೊದಲ ಪಾಠಕ್ಕೆ ಕೂತಿದ್ದಳು. ಪಕ್ಕದಲ್ಲಿ ಶೇಷಗಿರಿ ಮೇಷ್ಟ್ರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಸ್ಪೀಕರಿನಲ್ಲಿ ಕದನಕುತೂಹಲ ರಾಗ ಕಾವೇರಿದಂತೆ ಕಾರು ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಬಾಣದಂತೆ ಹೊರಟಿತು.

ತಿರುವಿನಾಚೆ ರಸ್ತೆಯ ತುಂಬಾ ಕುರಿಗಳು! ಗಾಬರಿಬಿದ್ದ ನಾಗವೇಣಿ ಹಾಡನ್ನು ನಡುವೆಯೇ ನಿಲ್ಲಿಸಿಬಿಟ್ಟಳು. ರಸಭಂಗವಾದ ಕಾರು ಉಳಿದ ಹಾಡನ್ನು ತಾನೇ ಗುನುಗಿಕೊಂಡು ಇನ್ನೂ ಜೋರಾಗಿ ಓಡಿತು.

"ಅಯ್ಯೋ, ನಿಲ್ತಾನೇ ಇಲ್ಲ! ಏನ್ ಮಾಡ್ಲಿ ಮೇಷ್ಟ್ರೇ?"

ಮೇಷ್ಟ್ರು ಅವಸರಪಡಲಿಲ್ಲ. ಕಣ್ಣು ಮುಚ್ಚಿ, ಶ್ರುತಿ ಹಿಡಿದು, ತುಂಬುಕಂಠದಿಂದ ಮಂಗಳ ಹಾಡಿದರು. ಕಛೇರಿ ಮುಗಿಯಿತೆಂದು ಕಾರಿಗೆ ತಿಳಿಯಿತು. ಅದು ಗತ್ತಿನಿಂದ ನಿಧಾನಿಸಿ, ಕೊನೆಯ ಅಕ್ಷರಕ್ಕೆ ಸರಿಯಾಗಿ, ಎದುರಿನ ಟಗರಿನ ಮೂತಿಯಿಂದ ಗೇಣುದೂರದಲ್ಲಿ ನಿಂತಿತು. ಸಭಿಕರು ಎದ್ದು ಹೊರಡುವ ಹೊತ್ತಾಯಿತೆಂದು ಎರಡೂ ಬಾಗಿಲನ್ನು ತಾನೇ ತೆರೆಯಿತು.

ನಾಗವೇಣಿ ಅರಿವಿಲ್ಲದೆಯೇ ಕೈಮುಗಿದಳು. "ಇದನ್ನ ಮೊದಲೇ ಹೇಳಿಕೊಡಬಾರದಿತ್ತಾ ಮೇಷ್ಟ್ರೇ?"

ಮೇಷ್ಟ್ರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು.

"ಕಛೇರಿ ಶುರುವಾಗೋಕ್ಕೆ ಮುಂಚೆ ಯಾರಾದ್ರೂ ಮಂಗಳ ಹಾಡ್ತಾರೇನಮ್ಮಾ?"