ಮಂಚದ ಅಳತೆ

"ಒಂದೇ ಮಂಚಾನಾ?" ಎಂದು ಅಮ್ಮ ಕೇಳಿದ್ದೇ ತಡ, ಕಿರಿಮಗಳು ತಮ್ಮಿಬ್ಬರ ಪ್ರವಾಸಕ್ಕೆಂದು ಹುಡುಕಿದ ಅಗ್ಗದ ರೂಮಿನ ಫೋಟೊವನ್ನು ಮೊಬೈಲಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ, ಮಂಚವನ್ನು ದೊಡ್ಡದು ಮಾಡಿ ತೋರಿಸಿದಳು. ಹೋದ ವರ್ಷ ಅಕ್ಕ ಅಮ್ಮನನ್ನು ಅದೇ ನಗರದ ದೊಡ್ಡ ಹೋಟೆಲಿನಲ್ಲಿ ಇಳಿಸಿದ್ದಳು. ಅದನ್ನು ನೆನೆದಾಗಲೆಲ್ಲ ಇವಳ ಹೊಟ್ಟೆ ಧಗಧಗ ಉರಿಯುತ್ತಿತ್ತು.

"ಇದೇ ಇರಲಿ ಬಿಡೆ. ಅಲ್ಲಿ ನಂಗೇ ಅಂತ ಬೇರೆ ರೂಮು ಮಾಡಿದ್ಲು. ಒಬ್ಳಿಗೇ ಭಯವಾಗಿ ನಿದ್ದೆನೇ ಹತ್ಲಿಲ್ಲ."

ಮಗಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟರಲ್ಲಿ ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. "ಮಂಚ ಅಗಲವಾಗೇ ಇದೆಯಲ್ಲೇ. ನಿಮ್ಮಕ್ಕನ್ನೂ ಕರಿ. ಸರ್ಕೊಂಡು ಮಲಗಿದ್ರೆ ಮೂರು ಜನ ಹಿಡಿಸ್ತೀವಿ."

ಮಗಳು ಅದೇ ಎರಡು ಬೆರಳಿನಿಂದ ಮಂಚವನ್ನು ಬೆಂಕಿಪೊಟ್ಟಣದಷ್ಟಾಗುವವರೆಗೆ ಕುಗ್ಗಿಸಿದಳು.

"ಸರಿಯಾಗಿ ನೋಡಮ್ಮ," ಎಂದಳು, "ಇಬ್ರಿಗೇ ಇಕ್ಕಟ್ಟು."